ಗ್ಲಾಕೋಮಾ: ಕಣ್ಣಿನ ಹಿಂಭಾಗದ ರಕ್ತನಾಳ ಏನು ಹೇಳುತ್ತದೆ?

(ಹಿರೇನಲ್ಲೂರಿನಲ್ಲಿ ರೋಗಿಗಳಿಗೂ ಅವರ ಬಂಧುಗಳಿಗೂ ನೀಡಿದ ತಿಳಿವಳಿಕೆ ಮಾತು)



ಎಪ್ಪತ್ತರ ಸಮೀಪದ ಯಜಮಾನರೊಬ್ಬರು ಬಂದಿದ್ದರು. ಎರಡು ವರ್ಷದ ಹಿಂದೆ ಗ್ಲಾಕೋಮಾ ಇದೆಯೆಂದು ಅವರಿಗೆ ಹನಿ ಔಷಧಿ ಬರೆದುಕೊಡಲಾಗಿತ್ತು. ಮೂರು ತಿಂಗಳು ಹಾಕಿ ಬಿಟ್ಟಿದ್ದರು. "ನೋವಿಲ್ಲ, ಉರಿಯಿಲ್ಲ, ಪೇಪರ್ ಓದ್ತೀನಿ. ಸುಮ್ನೆ ಯಾಕಮ್ಮ ದುಡ್ಡು ದಂಡ? ಮಂಜಾದ್ರೆ ಆಪರೇಷನ್ ಮಾಡಿಸಿದ್ರಾಯ್ತು" ಅಂದರು. ಆದರೆ ಬಾಗಿಲ ಚೌಕಟ್ಟಿಗೆ ಪದೇ ಪದೇ ಭುಜ ತಾಗುತ್ತಿತ್ತು. ಪಕ್ಕದಿಂದ ಬರುವ ಬೈಕು ಕಾಣುತ್ತಿರಲಿಲ್ಲ.

ಆಪರೇಷನ್ ಆದರೆ ಕಣ್ಣು ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ತಪ್ಪೇನಲ್ಲ. 2005ರಲ್ಲಿ ತೀರಿಕೊಂಡ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟರು. ಆದರೆ ಅವರು ಹೆಚ್ಚಾಗಿ ತೆಗೆದದ್ದು ಪೊರೆ. ಪೊರೆಯೆಂದರೆ ಕಿಟಕಿ ಗಾಜು ಮಬ್ಬಾದ ಹಾಗೆ, ಬದಲಾಯಿಸಬಹುದು. ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನಿಂದ ಮಿದುಳಿಗೆ ಹೋಗುವ ನರ. ಅದರಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಇದಕ್ಕೂ ಲೇಸರ್, ಆಪರೇಷನ್ ಇವೆ. ಅವು ಒತ್ತಡ ಇಳಿಸುತ್ತವೆ, ಹೋದ ದೃಷ್ಟಿ ತರುವುದಿಲ್ಲ.

ಪಾಪೆ ಅಗಲಿಸುವ ಹನಿ ಹಾಕಿ ನಿಮ್ಮನ್ನು ಅರ್ಧ ಗಂಟೆ ಕೂರಿಸಿದಾಗ ಬೇಸರ ಪಡುತ್ತೀರಿ. ಡಾಕ್ಟರು ಒಳಗೆ ನೋಡುವುದು ನರದ ತುದಿಯನ್ನು ಮತ್ತು ಅಲ್ಲಿಂದ ಅಕ್ಷಿಪಟಲದ ಮೇಲೆ ಹರಡಿದ ರಕ್ತನಾಳಗಳನ್ನು. ತೋಟದ ಕಾಲುವೆಯಲ್ಲಿ ನೀರು ಸಣ್ಣಗಾದರೆ ಕೊನೆಯ ಸಾಲಿನ ಗಿಡ ಮೊದಲು ಬಾಡುತ್ತದಲ್ಲವೇ? ಗ್ಲಾಕೋಮಾ ಬೆಳೆದ ಕಣ್ಣಲ್ಲಿ ಈ ನಾಳಗಳೂ ಸಣ್ಣಗಾಗುತ್ತವೆ, ನರದ ಗುಳಿ ಅಗಲವಾದಂತೆ ಪಕ್ಕಕ್ಕೆ ಸರಿಯುತ್ತವೆ. ನರ ಸೊರಗಿದ್ದರಿಂದ ನಾಳ ಸಣ್ಣಗಾಯಿತೋ, ನಾಳ ಸಣ್ಣಗಾಗಿ ನರ ಸೊರಗಿತೋ ಎಂಬ ಚರ್ಚೆ ಇನ್ನೂ ಇದೆ. ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಅಧ್ಯಯನ 2013ರಲ್ಲಿ ಪ್ರಕಟಿಸಿದಂತೆ, ಮೊದಲೇ ಶುದ್ಧರಕ್ತದ ನಾಳ ಕಿರಿದಾಗಿದ್ದವರಲ್ಲಿ ಮುಂದಿನ 10 ವರ್ಷದಲ್ಲಿ ಗ್ಲಾಕೋಮಾ ಹೆಚ್ಚಾಗಿ ಕಂಡಿತು.

ಇನ್ನೊಂದು ಗುರುತು ನರದ ಅಂಚಿನಲ್ಲಿ ಕಾಣುವ ಸಣ್ಣ ರಕ್ತದ ಗೀರು. ನಿಮಗೆ ನೋವೂ ಇಲ್ಲ, ಕೆಂಪೂ ಕಾಣದು. ಕೆಲವು ವಾರಗಳಲ್ಲಿ ಅದು ಮಾಯವಾಗುತ್ತದೆ. ಗೀರು ಕಂಡ ಕಣ್ಣಲ್ಲಿ ರೋಗ ಮುಂದೆ ಸಾಗುವ ಸಂಭವ ಹೆಚ್ಚು. ಆಗ ಡಾಕ್ಟರು ಔಷಧಿ ಬದಲಿಸಬಹುದು, ಬೇಗ ಬರಹೇಳಬಹುದು. ಆ ಯಜಮಾನರ ಎಡಗಣ್ಣಲ್ಲಿ ಕಂಡದ್ದು ಇದೇ. ಒತ್ತಡ ಅಳೆದಾಗ 18 ಬಂತು. ಸಾಮಾನ್ಯವಾಗಿ 10ರಿಂದ 21 ಎನ್ನುತ್ತೇವೆ, ಆದರೆ ಅದರೊಳಗಿದ್ದೂ ಗ್ಲಾಕೋಮಾ ಬರುತ್ತದೆ. ಸಂಖ್ಯೆ ಚೆನ್ನಾಗಿದೆಯೆಂದು ಹನಿ ನಿಲ್ಲಿಸಬೇಡಿ.

ಬಿ.ಪಿ. ಮಾತ್ರೆ ನುಂಗುವವರು ಗಮನಿಸಿ. ನಿದ್ದೆಯಲ್ಲಿ ರಕ್ತದೊತ್ತಡ ತಾನಾಗಿ ಇಳಿಯುತ್ತದೆ. ಅತಿಯಾಗಿ ಇಳಿದರೆ ನರಕ್ಕೆ ರಕ್ತ ಸಾಲದು. ಹಾಗಂತ ನೀವಾಗಿಯೇ ಮಾತ್ರೆ ಬಿಟ್ಟರೆ ಲಕ್ವ ಹೊಡೆದೀತು. ರಾತ್ರಿ ಮಾತ್ರೆ ಇದೆಯೆಂದು ಕಣ್ಣಿನ ಡಾಕ್ಟರಿಗೆ, ಗ್ಲಾಕೋಮಾ ಇದೆಯೆಂದು ಬಿ.ಪಿ. ಡಾಕ್ಟರಿಗೆ ಹೇಳಿ. ಉಬ್ಬಸವಿದ್ದರೆ ಅದನ್ನೂ ಹೇಳಿ. ಕೆಲವು ಹನಿ ಅಂಥವರಿಗೆ ಆಗದು. ಸಕ್ಕರೆ ಕಾಯಿಲೆ ಬಲಿತರೆ ಬೇಡದ ಹೊಸ ನಾಳಗಳು ಬೆಳೆದು ಕಣ್ಣೊಳಗಿನ ನೀರು ಹೊರಹೋಗುವ ದಾರಿ ಮುಚ್ಚುತ್ತವೆ, ಅದು ಬೇರೆ ಬಗೆಯ ಗ್ಲಾಕೋಮಾ, ಬಹಳ ಕಠಿಣ. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಹನಿ ಕೇಳಿ ತಿಂಗಳುಗಟ್ಟಲೆ ಹಾಕುವವರನ್ನು ನೋಡಿದರೆ ನನಗಂತೂ ಸಿಟ್ಟೇ ಬರುತ್ತದೆ; ಅದರಿಂದಲೂ ಒತ್ತಡ ಏರುತ್ತದೆ.

ಹನಿ ಹಾಕುವಾಗ ಒಂದೇ ತೊಟ್ಟು ಸಾಕು. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಎರಡು ಬಗೆ ಹನಿಯಿದ್ದರೆ ನಡುವೆ ಐದು ನಿಮಿಷ ಬಿಡಿ. ಕೈ ನಡುಗುವ ಹಿರಿಯರಿಗೆ ಸೊಸೆಯೋ ಮೊಮ್ಮಗನೋ ಹಾಕಲಿ.

ಆ ಯಜಮಾನರಿಗೆ ಈಗ ಮೊಮ್ಮಗಳು ಹಾಕುತ್ತಾಳೆ. ಮುಂದಿನ ಸಲ ನೀವು ಬರುವಾಗ ಬಾಟಲಿ ತನ್ನಿ, ಖಾಲಿಯಾಗಿದ್ದರೂ ಸರಿ. ನಲವತ್ತು ದಾಟಿದ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳಿದ್ದರೆ ಅವರನ್ನೂ ಕರೆತನ್ನಿ. ರಕ್ತಸಂಬಂಧಿಗಳಿಗೆ ಇದು ಬರುವ ಸಂಭವ ಹೆಚ್ಚು. ಪಾಪೆ ಅಗಲಿಸಿದ ದಿನ ಮಾತ್ರ ಬೈಕು ಓಡಿಸಬೇಡಿ, ಜೊತೆಗೊಬ್ಬರು ಇರಲಿ.