ದೇವರು ಹೇಳಿದ್ರು ಅಂತ ಯಾರಾದ್ರೂ ಬಂದು ಹೇಳಿದ್ರೆ?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರು, ಔಟರ್ ರಿಂಗ್ ರೋಡ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕ್ಕೊಂಡಿರೋರು, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ನಂಬಿಕೆ. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ನಂಬಿಕೆ ಇರೋರು ಯಾವುದನ್ನ ಹಿಡ್ಕೋಬೇಕು, ಯಾವುದನ್ನ ಬಿಡಬೇಕು ಅಂತ ಹೇಗೆ ತಿಳ್ಕೊಳ್ಳೋದು ಅನ್ನೋದು. ಇದಕ್ಕೆ ಕನ್ನಡದಲ್ಲಿ 'ವಿವೇಚನೆ' ಅಂತ ಒಳ್ಳೆ ಪದ ಇದೆ. ನಾನು ಕಥೋಲಿಕ ಕ್ರೈಸ್ತ ಮನೆಯಲ್ಲಿ ಬೆಳೆದವಳು, ಹಾಗಾಗಿ ಉದಾಹರಣೆಗಳೆಲ್ಲ ನಮ್ಮ ಕಡೆಯವು. ಆದ್ರೆ 'ದೇವರು ನಿನಗೆ ಹೀಗೆ ಮಾಡು ಅಂದಿದ್ದಾರೆ' ಅನ್ನೋ ಮಾತು ಯಾವ ಧರ್ಮದವರ ಮನೆ ಬಾಗಿಲಿಗಾದ್ರೂ ಬರಬಹುದು. ನಿಮ್ಮ ಮನೆಗೂ ಬಂದಿರಬಹುದು.

ಬಾಣಸವಾಡಿಯ ಭಾನುವಾರ

ನಮ್ಮೂರು ಬಾಣಸವಾಡಿ. ಹಳಗನ್ನಡದಲ್ಲಿ 'ಬಾಣಸ' ಅಂದ್ರೆ ಅಡುಗೆ, 'ಬಾಣಸಿಗ' ಅಂದ್ರೆ ಅಡುಗೆಯವನು. ಹೆಸರಿಗೆ ತಕ್ಕ ಹಾಗೆ ಇಲ್ಲಿ ಎಲ್ಲ ಥರದ ಅಡುಗೆ ವಾಸನೆ, ಎಲ್ಲ ಥರದ ಪ್ರಾರ್ಥನೆ. ಭಾನುವಾರ ಬೆಳಗ್ಗೆ ಇಲ್ಲಿಂದ ಕಮ್ಮನಹಳ್ಳಿ, ಲಿಂಗರಾಜಪುರದ ಕಡೆ ನಡೆದು ಹೋದ್ರೆ ಕನ್ನಡ ಪೂಜೆಯ ಗಾಯನ, ತಮಿಳು ಹಾಡು, ಮಲಯಾಳಂ ಪ್ರಾರ್ಥನೆ, ಇಂಗ್ಲಿಷ್ ಗಿಟಾರ್, ಎಲ್ಲವೂ ಒಂದರ ಹಿಂದೆ ಒಂದು ಕೇಳ್ಸುತ್ತೆ. ದೊಡ್ಡ ಚರ್ಚುಗಳಿವೆ. ಅಂಗಡಿ ಮೇಲಿನ ಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನಡೆಸೋ ಪ್ರಾರ್ಥನಾ ಕೂಟಗಳೂ ಇವೆ. ಅದರ ಜೊತೆಗೆ ಯೂಟ್ಯೂಬ್, ರೀಲ್ಸ್, ವಾಟ್ಸಾಪ್ ಗ್ರೂಪ್. ನಮ್ಮ ಅಜ್ಜಿ ಕಾಲದಲ್ಲಿ ಅವರಿಗೆ ಉಪದೇಶ ಮಾಡ್ತಿದ್ದಿದ್ದು ಒಬ್ಬರು ಸ್ವಾಮಿಗಳು, ಒಬ್ಬರು ಉಪದೇಶಿ, ಅಷ್ಟೆ. ನಮಗೆ ಒಂದು ದಿನದಲ್ಲಿ ಇಪ್ಪತ್ತು ಜನ ಉಪದೇಶ ಮಾಡ್ತಾರೆ, ಅದರಲ್ಲಿ ಹತ್ತು ಜನ ನಾವು ಕೇಳದೇನೇ ಬರ್ತಾರೆ.

ಹೀಗೆ ಹಲವು ದನಿ ಇರೋದು ಕೆಟ್ಟದ್ದು ಅಂತ ನಾನು ಹೇಳಲ್ಲ. ಆದ್ರೆ ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ.

ಅಪ್ಪ ಮತ್ತು ಇನ್ಸುಲಿನ್

ನಮ್ಮನೇಲಿ ನಡೆದದ್ದು ಹೇಳ್ತೀನಿ. ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಕಾಲಲ್ಲಿ ಒಂದು ಗಾಯ ಆಗಿ ವಾಸಿನೇ ಆಗ್ಲಿಲ್ಲ. ದಿನಾ ಡ್ರೆಸ್ಸಿಂಗ್, ದಿನಾ ಇಂಜೆಕ್ಷನ್. ಜೀವನ ಪೂರ್ತಿ ದುಡಿದ ಮನುಷ್ಯ ಚಪ್ಪಲಿ ಹಾಕ್ಕೊಳ್ಳೋಕೂ ಇನ್ನೊಬ್ಬರನ್ನ ಕಾಯೋ ಹಾಗಾಯ್ತು. ಆಗ ಪಕ್ಕದ ಬೀದಿಯವರು ಒಂದು ಪ್ರಾರ್ಥನಾ ಕೂಟಕ್ಕೆ ಕರ್ಕೊಂಡು ಹೋದ್ರು. ಮೂರನೇ ವಾರ ಅಲ್ಲಿ ಒಬ್ಬರು ಅಪ್ಪನ ತಲೆ ಮೇಲೆ ಕೈಯಿಟ್ಟು, 'ಬ್ರದರ್, ಕರ್ತನು ನಿಮ್ಮನ್ನ ಗುಣಪಡಿಸಿದ್ದಾನೆ, ಇನ್ನು ಸೂಜಿ ಬೇಡ, ಸೂಜಿ ತಗೊಂಡ್ರೆ ನಂಬಿಕೆ ಇಲ್ಲ ಅಂತ ಅರ್ಥ' ಅಂದ್ರು.

ಅಪ್ಪ ಮನೆಗೆ ಬಂದು ಇನ್ಸುಲಿನ್ ಪೆನ್ ತೆಗೆದು ಫ್ರಿಜ್ ಹಿಂಭಾಗಕ್ಕೆ ತಳ್ಳಿದ. ಎರಡು ದಿನ ನಮಗೆ ಗೊತ್ತೇ ಆಗ್ಲಿಲ್ಲ. ಮೂರನೇ ದಿನ ಅಮ್ಮ ಗ್ಲುಕೋಮೀಟರ್‌ನಲ್ಲಿ ನೋಡಿದ್ರೆ 380.

'ಯಾಕಪ್ಪ ಹೀಗ್ ಮಾಡ್ದೆ?' ಅಂತ ಕೇಳಿದೆ. ಅಪ್ಪ ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. 'ಆರು ತಿಂಗಳಿಂದ ಆಸ್ಪತ್ರೆಗೆ ಹೋಗ್ತಿದ್ದೀನಿ ಕಣಮ್ಮ. ಎಲ್ಲರೂ ಕಾಲು ನೋಡ್ತಾರೆ. ನನ್ನ ಮುಖ ನೋಡಿ ಮಾತಾಡಿದ್ದು ಆ ಕೂಟದಲ್ಲೇ.'

ಇಲ್ಲೇ ವಿಷಯ ಕಷ್ಟ ಆಗೋದು. ಆ ಕೂಟದಲ್ಲಿ ಅಪ್ಪನಿಗೆ ಸಿಕ್ಕಿದ ಸಾಂತ್ವನ ನಿಜವಾದದ್ದೇ. ಅವರ ಕೈ ಹಿಡಿದು ಅತ್ತು ಪ್ರಾರ್ಥನೆ ಮಾಡಿದ ಹೆಂಗಸರ ಪ್ರೀತಿಯೂ ನಿಜವೇ. ಆ ಪ್ರೀತಿಯ ಜೊತೇಲೇ ಒಂದು ಅಪಾಯದ ಆಜ್ಞೆಯೂ ಬಂತು. 'ಅವರೆಲ್ಲ ಮೋಸಗಾರರು' ಅಂತ ಅಪ್ಪನಿಗೆ ಕೂಗಾಡಿ ಹೇಳಿದ್ರೆ, ಅವರು ಆ ಪ್ರೀತಿಯನ್ನ ನೆನೆಸ್ಕೊಂಡು ನಮ್ಮ ಮಾತೇ ಸುಳ್ಳು ಅಂದ್ಕೋತಿದ್ರು. ಅದಕ್ಕೆ ಎರಡನ್ನೂ ಬೇರೆ ಬೇರೆ ಮಾಡಿ ನೋಡೋದು ಹೇಗೆ ಅನ್ನೋದು ನಮಗೆ ಆವತ್ತು ಬೇಕಾಗಿತ್ತು.

ಇನ್ನಾಸಪ್ಪನ ಪಾಠ

ನಮ್ಮ ಕಡೆ ಹಳೇ ಕ್ರೈಸ್ತ ಮನೆಗಳಲ್ಲಿ ಇನ್ನಾಸಪ್ಪ ಅಂತ ಹೆಸರಿಡ್ತಾರೆ, ಕೇಳಿರ್ತೀರಿ. ಚೌರಪ್ಪ ಅನ್ನೋದು ಕ್ಸೇವಿಯರ್‌ನಿಂದ ಬಂದ ಹಾಗೆ, ಇನ್ನಾಸಪ್ಪ ಅನ್ನೋದು ಇಗ್ನೇಷಿಯಸ್‌ನಿಂದ ಬಂದಿದ್ದು. ಲೊಯೋಲಾದ ಸಂತ ಇಗ್ನೇಷಿಯಸ್, ಯೇಸು ಸಭೆ ಕಟ್ಟಿದವರು. ಸ್ಪೇನಿನ ಸೈನಿಕ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರೀತು. ತಿಂಗಳುಗಟ್ಟಲೆ ಹಾಸಿಗೆ. ಓದೋಕೆ ವೀರರ ಕತೆ ಪುಸ್ತಕ ಕೇಳಿದ್ರು, ಮನೇಲಿ ಇದ್ದಿದ್ದು ಕ್ರಿಸ್ತನ ಜೀವನ ಮತ್ತು ಸಂತರ ಕತೆಗಳು ಮಾತ್ರ.

ಆಗ ಅವರು ಒಂದು ಗಮನಿಸಿದ್ರು. ಯುದ್ಧ, ಅರಮನೆ, ಒಬ್ಬ ದೊಡ್ಡ ಮನೆತನದ ಹೆಣ್ಣು ಅಂತ ಹಗಲುಗನಸು ಕಾಣ್ತಿದ್ದಾಗ ಖುಷಿ ಆಗ್ತಿತ್ತು, ಆದ್ರೆ ಕನಸು ಮುಗಿದ ಮೇಲೆ ಮನಸ್ಸು ಒಣಗಿದ ಹಾಗೆ. ಸಂತರ ಹಾಗೆ ಬದುಕೋದನ್ನ ಯೋಚಿಸಿದಾಗಲೂ ಖುಷಿ, ಅದು ಮುಗಿದ ಮೇಲೂ ಉಳೀತಿತ್ತು. ಆ ಕ್ಷಣದ ಸುಖ ನೋಡಿದ್ರೆ ಎರಡೂ ಒಂದೇ. ವ್ಯತ್ಯಾಸ ಗೊತ್ತಾಗೋದು ಆಮೇಲೆ. ಅವರ ವಿವೇಚನೆಯ ಪಾಠ ಎಲ್ಲ ಶುರುವಾಗಿದ್ದು ಇಷ್ಟರಿಂದ. ಅದನ್ನೆಲ್ಲ 'ಆಧ್ಯಾತ್ಮಿಕ ಸಾಧನೆಗಳು' ಅನ್ನೋ ಚಿಕ್ಕ ಪುಸ್ತಕದಲ್ಲಿ ಬರೆದ್ರು. 1548ರಲ್ಲಿ ಪೋಪ್ ಅದಕ್ಕೆ ಒಪ್ಪಿಗೆ ಕೊಟ್ರು. ಅದಕ್ಕೂ ಮುಂಚೆ ಇಗ್ನೇಷಿಯಸ್‌ರನ್ನೇ ಸಂಶಯಪಟ್ಟು ಧರ್ಮಸಭೆಯ ಅಧಿಕಾರಿಗಳು ವಿಚಾರಣೆ ಮಾಡಿ ಜೈಲಿಗೂ ಹಾಕಿದ್ರು. ಅಂದ್ರೆ ಪರೀಕ್ಷೆ ಮಾಡೋದನ್ನ ಕಲಿಸಿದವರೇ ಪರೀಕ್ಷೆಗೆ ಒಳಗಾದವರು.

ಅವರು ಹೇಳಿಕೊಟ್ಟಿದ್ದರಲ್ಲಿ ನಾಲ್ಕು ವಿಷಯ ನಮ್ಮ ಮನೆಗೆ ಕೆಲಸಕ್ಕೆ ಬಂತು. ನನ್ನ ಮಾತಲ್ಲಿ ಹೇಳ್ತೀನಿ.

ಮೊದಲನೇದು, ಗುಟ್ಟು. ಕೆಟ್ಟ ಪ್ರೇರಣೆ ಯಾವಾಗ್ಲೂ 'ಯಾರಿಗೂ ಹೇಳಬೇಡ' ಅನ್ನುತ್ತೆ ಅಂತಾರೆ ಇಗ್ನೇಷಿಯಸ್. ಹುಡುಗಿಯನ್ನ ಮರುಳು ಮಾಡೋನು, ಅವಳ ಅಪ್ಪನಿಗೆ ಗೊತ್ತಾಗದೇ ಇರಲಿ ಅಂತ ಬಯಸೋ ಹಾಗೆ. ವಿಷಯ ತಿಳಿದ, ನಂಬಿಕಸ್ತ ಒಬ್ಬರ ಹತ್ರ ಬಾಯ್ಬಿಟ್ಟು ಹೇಳಿದ ತಕ್ಷಣ ಅದರ ಶಕ್ತಿ ಅರ್ಧ ಇಳಿಯುತ್ತೆ. ಅಪ್ಪನಿಗೆ 'ಡಾಕ್ಟರ್‌ಗೆ ಹೇಳ್ಬೇಡಿ, ಅವರಿಗೆ ಇದೆಲ್ಲ ಅರ್ಥ ಆಗಲ್ಲ' ಅಂತನೂ ಹೇಳಿದ್ರಂತೆ. ಅಲ್ಲೇ ನಮಗೆ ಮೊದಲ ಸುಳಿವು ಸಿಕ್ಕಿತು.

ಎರಡನೇದು, ಕುಗ್ಗಿದಾಗ ಹಾದಿ ಬದಲಿಸಬಾರದು. ಮನಸ್ಸು ಬೇಸತ್ತು ಕತ್ತಲಾಗಿರೋ ಹೊತ್ತಲ್ಲಿ, ಚೆನ್ನಾಗಿದ್ದಾಗ ಯೋಚಿಸಿ ಮಾಡಿದ ನಿರ್ಧಾರನ ಮುರೀಬೇಡ ಅನ್ನೋದು ಅವರ ತುಂಬ ಹೆಸರಾದ ನಿಯಮ. ಅಪ್ಪ ಔಷಧಿ ಶುರು ಮಾಡಿದ್ದು ಸ್ವಸ್ಥ ಮನಸ್ಸಿಂದ. ನಿಲ್ಲಿಸಿದ್ದು ಆರು ತಿಂಗಳ ನೋವಿನ ಕೊನೇಲಿ.

ಮೂರನೇದು, ಆದಿ, ಮಧ್ಯ, ಅಂತ್ಯ ಮೂರನ್ನೂ ನೋಡೋದು. ಒಳ್ಳೇ ಮಾತಿನಿಂದ ಶುರುವಾಗಿ ಕೊನೆಗೆ ಭಯ, ಜಗಳ, ಹಾನಿ ಕಡೆ ಹೋದ್ರೆ, ದಾರಿ ಎಲ್ಲೋ ತಿರುಗಿದೆ ಅಂತ ಅರ್ಥ. ಪ್ರಾರ್ಥನೆಯಿಂದ ಶುರುವಾಗಿದ್ದು 380ಕ್ಕೆ ಬಂದು ನಿಂತಿತ್ತು.

ನಾಲ್ಕನೇದು, ಬೇರೆಯವರಾಗಿದ್ರೆ? ಇದೇ ಪರಿಸ್ಥಿತಿಯಲ್ಲಿ ಪರಿಚಯ ಇಲ್ಲದ ಒಬ್ಬರು ಬಂದು ಸಲಹೆ ಕೇಳಿದ್ರೆ ಏನು ಹೇಳ್ತೀಯ, ಅದನ್ನೇ ನೀನೂ ಮಾಡು ಅಂತಾರೆ ಅವರು. ನಾನು ಅಪ್ಪನಿಗೆ ಇದೊಂದನ್ನೇ ಕೇಳಿದೆ. 'ಅಪ್ಪ, ನಿನ್ನ ತಮ್ಮ ಬಂದು ಇನ್ಸುಲಿನ್ ಬಿಡ್ಲಾ ಅಂತ ಕೇಳಿದ್ರೆ ಹೂಂ ಅಂತೀಯಾ?' ಅಪ್ಪ ತುಂಬ ಹೊತ್ತು ಸುಮ್ನಿದ್ದ. ಆಮೇಲೆ 'ಅವನಿಗೆ ಬೈದು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ' ಅಂದ.

ಬೈಬಲ್ ಏನು ಹೇಳುತ್ತೆ?

ಆದ್ರೂ ಅಪ್ಪನಿಗೆ ಒಂದು ಪ್ರಶ್ನೆ ಉಳಿದಿತ್ತು. 'ಔಷಧಿ ತಗೊಂಡ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಆಗಲ್ವಾ?' ಸಂಜೆ ನಮ್ಮ ಧರ್ಮಕೇಂದ್ರದ ಫಾದರ್ ಮನೆಗೆ ಬಂದ್ರು. ಅವರು ವಾದ ಮಾಡ್ಲಿಲ್ಲ, ಬೈಬಲ್ ತೆಗೆದ್ರು.

ಕಥೋಲಿಕ ಬೈಬಲ್‌ನಲ್ಲಿ ಸಿರಾಖ ಅಂತ ಒಂದು ಗ್ರಂಥ ಇದೆ. ಅದರ 38ನೇ ಅಧ್ಯಾಯ ವೈದ್ಯರ ಬಗ್ಗೆನೇ. ವೈದ್ಯನಿಗೆ ಗೌರವ ಕೊಡು, ಅವನನ್ನೂ ಔಷಧಿಯನ್ನೂ ಸೃಷ್ಟಿಸಿದ್ದು ದೇವರೇ, ಕಾಯಿಲೆ ಬಂದಾಗ ಪ್ರಾರ್ಥನೆ ಮಾಡು, ವೈದ್ಯನಿಗೂ ಜಾಗ ಬಿಡು ಅನ್ನೋದು ಅದರ ಸಾರ. ಪ್ರಾಟೆಸ್ಟೆಂಟ್ ಬೈಬಲ್‌ಗಳ ಪಟ್ಟಿಯಲ್ಲಿ ಈ ಗ್ರಂಥ ಸೇರಿಲ್ಲ. ಹಾಗಂತ ಅವರ ಕಡೆ ಉದಾಹರಣೆ ಕಮ್ಮಿ ಏನಿಲ್ಲ. ಸಂತ ಪೌಲರು ಎಷ್ಟೋ ಜನರನ್ನ ಗುಣಪಡಿಸಿದವರು. ಅವರೇ ತಿಮೊಥೇಯನಿಗೆ ಹೊಟ್ಟೆ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೀತಾರೆ. ಅವರ ಜೊತೆಗಾರ ಲೂಕ ವೈದ್ಯ. ಇನ್ನು ಯೇಸುವೇ ಒಬ್ಬ ಕುಷ್ಠರೋಗಿಯನ್ನ ಗುಣಪಡಿಸಿದ ಮೇಲೆ, ಹೋಗಿ ಯಾಜಕನಿಗೆ ತೋರಿಸು ಅಂತಾರೆ. ಆ ಕಾಲದಲ್ಲಿ ರೋಗ ಹೋಗಿದೆಯಾ ಇಲ್ವಾ ಅಂತ ಪರೀಕ್ಷೆ ಮಾಡಿ ಹೇಳೋರು ಯಾಜಕರೇ. ಫಾದರ್ ಅಪ್ಪನಿಗೆ ಹೇಳಿದ್ದು ಇಷ್ಟೇ: 'ನೀವು ಗುಣ ಆಗಿದ್ದೀರಿ ಅಂತಾದ್ರೆ ಲ್ಯಾಬ್ ರಿಪೋರ್ಟ್‌ನಲ್ಲಿ ಗೊತ್ತಾಗುತ್ತೆ. ದೇವರಿಗೆ ಲ್ಯಾಬ್ ಕಂಡ್ರೆ ಭಯ ಇಲ್ಲ.'

ಧರ್ಮಸಭೆಯೂ ಪವಾಡಕ್ಕೆ ಆತುರ ಪಡಲ್ಲ. ಫ್ರಾನ್ಸಿನ ಲೂರ್ದು ನಿಮಗೆ ಗೊತ್ತು, ನಮ್ಮಲ್ಲಿ ಎಷ್ಟೋ ಚರ್ಚುಗಳ ಅಂಗಳದಲ್ಲಿ ಆ ಮಾತೆಯ ಗವಿ ಇದೆ. ಅಲ್ಲಿ 1883ರಿಂದ ವೈದ್ಯರ ಕಚೇರಿನೇ ಇದೆ. ಸಾವಿರಾರು ಜನ ಗುಣ ಆಯ್ತು ಅಂತ ಹೇಳಿಕೊಂಡಿದ್ದಾರೆ. 1858ರಿಂದ ಇಲ್ಲಿವರೆಗೆ ಪವಾಡ ಅಂತ ಅಧಿಕೃತವಾಗಿ ಒಪ್ಪಿಕೊಂಡಿದ್ದು ಎಪ್ಪತ್ತರ ಆಸುಪಾಸು ಮಾತ್ರ. ಸಿಸ್ಟರ್ ಬರ್ನಾಡೆಟ್ ಮೊರಿಯೊ ಅನ್ನೋ ಫ್ರೆಂಚ್ ಕನ್ಯಾಸ್ತ್ರೀ 2008ರಲ್ಲಿ ಗುಣ ಆದ್ರು, ಅದನ್ನ ಪವಾಡ ಅಂತ ಘೋಷಿಸಿದ್ದು 2018ರಲ್ಲಿ. ಮಧ್ಯೆ ಹತ್ತು ವರ್ಷ ಪರೀಕ್ಷೆ. ಪ್ಲಾಸ್ಟಿಕ್ ಕುರ್ಚಿ ಮೇಲೆ ಹತ್ತು ನಿಮಿಷದಲ್ಲಿ ಆಗೋ ಘೋಷಣೆಗೂ ಇದಕ್ಕೂ ಎಷ್ಟು ದೂರ ನೋಡಿ. 2000ನೇ ಇಸವಿಯಲ್ಲಿ ವ್ಯಾಟಿಕನ್ ಗುಣಪಡಿಸೋ ಪ್ರಾರ್ಥನೆಗಳ ಬಗ್ಗೆ ಒಂದು ಸೂಚನೆಯನ್ನೇ ಹೊರಡಿಸ್ತು. ಉನ್ಮಾದ, ನಾಟಕ, ಆಡಂಬರ ಇರಬಾರದು ಅಂತ ಅದರಲ್ಲಿದೆ. ಅದಕ್ಕೆ ಸಹಿ ಹಾಕಿದ ಕಾರ್ಡಿನಲ್ ರಾಟ್ಸಿಂಗರ್ ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್ ಆದ್ರು.

ಹೊಸದೆಲ್ಲ ಕೆಟ್ಟದ್ದಾ?

ಇಷ್ಟು ಕೇಳಿ 'ಹಾಗಾದ್ರೆ ಹಳೇದನ್ನ ಬಿಟ್ಟು ಬೇರೇನೂ ಬೇಡ' ಅಂದ್ಕೋಬೇಡಿ. ನಮ್ಮ ಪಕ್ಕದಲ್ಲೇ, ಸೇಂಟ್ ಥಾಮಸ್ ಟೌನಿನ ಹಚಿನ್ಸ್ ರಸ್ತೆಯಲ್ಲಿ, ಎನ್‌ಬಿಸಿಎಲ್‌ಸಿ ಅನ್ನೋ ಕಥೋಲಿಕ ರಾಷ್ಟ್ರೀಯ ಕೇಂದ್ರ ಇದೆ. 1967ರಲ್ಲಿ ಶುರುವಾಯ್ತು, ಕಟ್ಟಿ ಬೆಳೆಸಿದವರು ಫಾದರ್ ಡಿ.ಎಸ್. ಅಮಲೋರ್‌ಪವದಾಸ್. 1969ರಲ್ಲಿ ಭಾರತದ ಪೂಜೆಗಾಗಿ ರೋಮ್ ಹನ್ನೆರಡು ಬದಲಾವಣೆಗೆ ಒಪ್ಪಿಗೆ ಕೊಟ್ಟಿತು: ಮೇಣದ ಬತ್ತಿ ಬದಲು ಎಣ್ಣೆ ದೀಪ, ಆರತಿ, ಕೈ ಮುಗಿಯೋದು, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರೋದು, ಅಂಗವಸ್ತ್ರ, ಹೀಗೆ. ಅದನ್ನ ಜನಕ್ಕೆ ಕಲಿಸೋ ಕೆಲಸದಲ್ಲಿ ಈ ಕೇಂದ್ರ ಮುಂದಿತ್ತು. ಆಗ ದೊಡ್ಡ ಜಗಳ ಆಯ್ತು. ಇದು ಹಿಂದೂ ಪದ್ಧತಿ ಅಂತ ಕೆಲವರು ಸಿಟ್ಟಾದ್ರು. ಮೇಲ್ಜಾತಿಯ ಸಂಸ್ಕೃತಿಯನ್ನೇ ಭಾರತ ಅಂದ್ಕೊಂಡ್ರೆ ನಮ್ಮ ಬದುಕು ಎಲ್ಲಿ ಹೋಯ್ತು ಅಂತ ಮುಂದೆ ದಲಿತ ಕ್ರೈಸ್ತ ಚಿಂತಕರು ಕೇಳಿದ್ರು. ಎರಡನೇ ಪ್ರಶ್ನೆ ನನಗೆ ಈಗಲೂ ತುಂಬ ತೂಕದ್ದು ಅನ್ಸುತ್ತೆ. ಐವತ್ತು ವರ್ಷ ಆದ್ಮೇಲೆ ಕೆಲವು ಪದ್ಧತಿ ಉಳಿದಿವೆ, ಕೆಲವು ಕಾಣಲ್ಲ. ಇವತ್ತು ಹಬ್ಬದ ಪೂಜೆಯಲ್ಲಿ ದೀಪ ಹಚ್ಚಿದ್ರೆ ನಮ್ಮಮ್ಮನಿಗೆ ಅದು ನಮ್ಮದೇ. ಒಂದು ಇಡೀ ಸಮುದಾಯ ವಿವೇಚನೆ ಮಾಡೋದು ಹೀಗೆ, ನಿಧಾನಕ್ಕೆ, ಪ್ರಶ್ನೆ ಕೇಳೋರಿಗೂ ಜಾಗ ಕೊಟ್ಟು.

ಅಪ್ಪ ಈಗ

ಅಪ್ಪ ಅವತ್ತು ರಾತ್ರಿನೇ ಇಂಜೆಕ್ಷನ್ ತಗೊಂಡ. ಕಾಲಿನ ಒಂದು ಬೆರಳು ತೆಗೆಯಬೇಕಾಯ್ತು, ಕಾಲು ಉಳೀತು. ಫಾದರ್ ಬಂದು ರೋಗಿಗಳ ಅಭ್ಯಂಗ ಕೊಟ್ರು. ನಮ್ಮ ಧರ್ಮಕೇಂದ್ರದಲ್ಲಿ ಈಗ ನಾಲ್ಕು ಜನ ಸೇರಿ ವಾರಕ್ಕೊಮ್ಮೆ ಮನೇಲೇ ಇರೋ ರೋಗಿಗಳನ್ನ ನೋಡೋಕೆ ಹೋಗ್ತೀವಿ. ಹೋಗಿ ಮೊದಲು ಮಾಡೋ ಕೆಲಸ ಅವರ ಮುಖ ನೋಡಿ ಮಾತಾಡೋದು. ಅಪ್ಪನ ಮಾತಿಂದ ನಾವು ಕಲಿತಿದ್ದು ಅದು. ಆ ಕೂಟದಲ್ಲಿ ಅಪ್ಪನ ಕೈ ಹಿಡಿದು ಅತ್ತಿದ್ರಲ್ಲ, ಆ ಆಂಟಿ ಒಬ್ಬರು ಈಗಲೂ ಮನೆಗೆ ಬರ್ತಾರೆ, ಪ್ರಾರ್ಥನೆ ಮಾಡ್ತಾರೆ, ಕಾಫಿ ಕುಡೀತಾರೆ. ಇನ್ಸುಲಿನ್ ತಗೊಂಡ್ರಾ ಅಂತ ಮೊದಲು ಕೇಳೋದೂ ಈಗ ಅವರೇ.

ನೀವು ಮಾಡಬಹುದಾದದ್ದು

ಇಗ್ನೇಷಿಯಸ್ ಕಲಿಸಿದ ಒಂದು ಸಣ್ಣ ಅಭ್ಯಾಸ ಇದೆ, ಹತ್ತು ಹದಿನೈದು ನಿಮಿಷ ಸಾಕು. ಮಲಗೋಕೆ ಮುಂಚೆ ಫೋನ್ ಪಕ್ಕದ ರೂಮಲ್ಲಿ ಚಾರ್ಜ್‌ಗೆ ಹಾಕಿ. ಇವತ್ತು ಸಿಕ್ಕ ಒಳ್ಳೇದಕ್ಕೆ ಥ್ಯಾಂಕ್ಸ್ ಹೇಳಿ. ಸರಿಯಾಗಿ ನೋಡೋ ಕಣ್ಣು ಕೊಡು ಅಂತ ಕೇಳಿ. ಬೆಳಗ್ಗೆಯಿಂದ ಒಂದೊಂದೇ ಗಂಟೆ ನೆನಪು ಮಾಡ್ಕೊಳ್ಳಿ: ಯಾವ ಮಾತು, ಯಾವ ವಿಡಿಯೋ, ಯಾವ ಭೇಟಿ ಆದ್ಮೇಲೆ ಮನಸ್ಸು ಹಗುರ ಆಯ್ತು, ಯಾವುದು ಮುಗಿದ ಮೇಲೆ ಒಣಗಿತು? ತಪ್ಪಿದ್ದಕ್ಕೆ ಕ್ಷಮೆ ಕೇಳಿ. ನಾಳೆಗೆ ಒಂದೇ ಒಂದು ಕೆಲಸ ಇಟ್ಕೊಳ್ಳಿ. ದೇವರನ್ನ ನಂಬದೇ ಇರೋರು ಕೂಡ ಇದರಲ್ಲಿ ಅರ್ಧ ಮಾಡಬಹುದು.

ಇನ್ನು, ದೇವರ ಹೆಸರಲ್ಲಿ ಯಾರಾದ್ರೂ ನಿಮಗೆ ಔಷಧಿ ಬಿಡು, ಓದು ಬಿಡು, ದುಡ್ಡು ಕೊಡು, ಇವರನ್ನೇ ಮದುವೆ ಆಗು, ಅದೂ ಈಗಲೇ, ಯಾರಿಗೂ ಹೇಳದೆ ಅಂದ್ರೆ, 'ಯೋಚನೆ ಮಾಡಿ ಹೇಳ್ತೀನಿ' ಅಂತ ಹೇಳಿ ಎದ್ದು ಬನ್ನಿ. ನಿಮ್ಮ ಮೇಲೆ ಪ್ರೀತಿ ಇರೋ ಇಬ್ಬರಿಗೆ ಹೇಳಿ. ಔಷಧಿ ವಿಷಯ ಆದ್ರೆ ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ. ದೇವರ ಮಾತೇ ಆಗಿದ್ರೆ ಅದು ನಾಳೆವರೆಗೂ ಕಾಯುತ್ತೆ.

ಇವತ್ತಿಗೆ ಇಷ್ಟು. ಮನೇಲಿ ಸಕ್ಕರೆ ಕಾಯಿಲೆ ಇರೋ ಅಪ್ಪ ಅಮ್ಮ ಇದ್ರೆ ಇದನ್ನ ಅವರ ಜೊತೆ ಕೂತು ಕೇಳಿ. ಮುಂದಿನ ವಾರ ಸಿಗೋಣ.