ವಿದ್ಯೆಗೆ ಸುಂಕದ ಕಟ್ಟೆ ಏಕೆ?

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಆಫ್ರಿಕದ ವಿಶ್ವವಿದ್ಯಾನಿಲಯಗಳು ಹೊರಡಿಸುವ ಸಂಶೋಧನ ಪತ್ರಿಕೆಗಳ ಗೊಡವೆ ಗಿರಣಿ ಕೂಲಿಕಾರರಿಗೂ ಅಂಗಡಿಕಾರರಿಗೂ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರವಾಗಿ ಮೊದಲು ಲೈಬೀರಿಯದ ಸಂಗತಿ ಹೇಳುತ್ತೇನೆ.

ಲೈಬೀರಿಯ ಪಶ್ಚಿಮ ಆಫ್ರಿಕದ ಒಂದು ಸಣ್ಣ, ಬಡ ದೇಶ. 2014ರಲ್ಲಿ ಅಲ್ಲಿಯೂ ನೆರೆಯ ಗಿನಿ, ಸಿಯೆರಾ ಲಿಯೋನ್‌ಗಳಲ್ಲಿಯೂ ಎಬೋಲಾ ಎಂಬ ಮಾರಕ ಜ್ವರ ಹಬ್ಬಿತು. 2016ರಲ್ಲಿ ಅದು ಅಡಗುವ ವೇಳೆಗೆ 11,000ಕ್ಕೂ ಹೆಚ್ಚು ಜನ ಸತ್ತಿದ್ದರು. ಈ ರೋಗ ಆ ಸೀಮೆಗೆ ಹೊಸದು, ಬರುತ್ತದೆಂದು ಯಾರಿಗೆ ಗೊತ್ತಿತ್ತು ಎಂದರು ಬಲ್ಲವರು. ಗೊತ್ತಿತ್ತು! 1982ರಲ್ಲಿಯೇ ಜರ್ಮನಿಯ ಸಂಶೋಧಕರು ಲೈಬೀರಿಯದ ಜನರ ರಕ್ತ ಪರೀಕ್ಷಿಸಿ, ಎಬೋಲಾ ಸೋಂಕಿನ ಗುರುತು ಕಂಡು, ಈ ರೋಗದ ಸೀಮೆಯಲ್ಲಿ ಆ ದೇಶವನ್ನೂ ಸೇರಿಸಬೇಕೆಂದು ಯೂರೋಪಿನ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಲೈಬೀರಿಯದ ಮುಖ್ಯ ವೈದ್ಯಾಧಿಕಾರಿ ಬರ್ನಿಸ್ ಡಾನ್ ಮತ್ತು ಅವರ ಸಂಗಡಿಗರು 2015ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟರು. ಆ ಲೇಖನ ಓದಲು 45 ಡಾಲರ್ ಕೊಡಬೇಕಿತ್ತು. ಅದು ಅಲ್ಲಿಯ ವೈದ್ಯರ ಸುಮಾರು ಅರ್ಧ ವಾರದ ಸಂಬಳ. ಬರೆದವರಲ್ಲಿ ಲೈಬೀರಿಯದವರು ಒಬ್ಬರೂ ಇರಲಿಲ್ಲ. ರಕ್ತ ಕೊಟ್ಟವರ ಊರಿಗೆ ಎಚ್ಚರಿಕೆ ತಲುಪಲೇ ಇಲ್ಲ.

ಈ ವ್ಯಾಪಾರ ಹೇಗೆ ನಡೆಯುತ್ತದೆ ನೋಡಿ. ಸಂಶೋಧಕರಿಗೆ ಸಂಬಳ ಬರುವುದು ಬಹುಮಟ್ಟಿಗೆ ಜನರ ತೆರಿಗೆಯಿಂದ. ಬರೆದು ಕೊಟ್ಟದ್ದಕ್ಕೆ ಕಂಪನಿ ಕಾಸು ಕೊಡುವುದಿಲ್ಲ. ಬರೆದದ್ದು ಸರಿಯೇ ಎಂದು ಪರಿಶೀಲಿಸುವ ವಿದ್ವಾಂಸರಿಗೂ ಸಾಮಾನ್ಯವಾಗಿ ಕೂಲಿಯಿಲ್ಲ. ಹಕ್ಕನ್ನು ಮಾತ್ರ ಬರೆಸಿಕೊಂಡು, ಅದೇ ಲೇಖನವನ್ನು ಅದೇ ವಿಶ್ವವಿದ್ಯಾನಿಲಯಕ್ಕೆ ಮಾರುತ್ತಾರೆ. ನೂಲು ನಮ್ಮದು, ನೇಯ್ದ ಕೈ ನಮ್ಮದು; ಉಡುವ ಬಟ್ಟೆಗೆ ಮಾತ್ರ ಸಾಹುಕಾರನ ಬಾಗಿಲು ಕಾಯಬೇಕು! ಎಲ್ಸೆವಿಯರ್ ಪ್ರಕಾಶನವನ್ನೊಳಗೊಂಡ ರೆಲ್ಎಕ್ಸ್ ಕಂಪನಿಯ ವಿಜ್ಞಾನ ವಿಭಾಗಕ್ಕೆ 2023ರಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ ಸುಮಾರು 38 ರೂಪಾಯಿಯಂತೆ ಲಾಭ ಬಂತು. ಇಲ್ಲಿ ಕುಳಿತಿರುವ ಅಂಗಡಿಕಾರರು ತಮ್ಮ ಖಾತೆಪುಸ್ತಕ ತೆಗೆದು ಹೋಲಿಸಿ ನೋಡಲಿ.

ಓದುಗರ ಕೂಗು ಜೋರಾದಾಗ ಈ ಕಂಪನಿಗಳು ಸುಂಕದ ಕಟ್ಟೆ ಕೆಡವಲಿಲ್ಲ. ಓದುವವರ ದಾರಿಯಿಂದ ಕಿತ್ತು ಬರೆಯುವವರ ದಾರಿಯಲ್ಲಿ ಕಟ್ಟಿದವು. 2021ರಲ್ಲಿ 'ನೇಚರ್' ಪತ್ರಿಕೆ ಒಂದು ಲೇಖನವನ್ನು ಎಲ್ಲರಿಗೂ ಮುಕ್ತವಾಗಿಡಲು 9,500 ಯೂರೋ ಎಂದು ದರ ಕಟ್ಟಿತು. ಬಡ ದೇಶದವರಿಗೆ ರಿಯಾಯಿತಿ ಉಂಟಲ್ಲ ಎನ್ನುತ್ತಾರೆ. ರಿಯಾಯಿತಿ ಕೊಡುವವನ ದಯೆ, ಅದು ಹಕ್ಕಲ್ಲ.

ಆಫ್ರಿಕದವರು ಕೈಕಟ್ಟಿ ಕುಳಿತಿಲ್ಲ. 1980ರ ದಶಕದಲ್ಲಿ ಸಾಲ ಕೊಟ್ಟ ವಿಶ್ವಬ್ಯಾಂಕೂ ಐ.ಎಂ.ಎಫ್.ಉ ಖರ್ಚು ಕಡಿಯಿರಿ ಎಂದು ಪಟ್ಟುಹಿಡಿದಾಗ ಅಲ್ಲಿಯ ಎಷ್ಟೋ ಪುಸ್ತಕಭಂಡಾರಗಳು ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದ್ದವು. ಅಂಥ ಪೆಟ್ಟು ತಿಂದೂ ಎದ್ದಿದ್ದಾರೆ. ಉಗಾಂಡದ ಮಕೆರೆರೆ ವಿಶ್ವವಿದ್ಯಾನಿಲಯದ ವೈದ್ಯರು 2001ರಲ್ಲಿ ಆರಂಭಿಸಿದ 'ಆಫ್ರಿಕನ್ ಹೆಲ್ತ್ ಸೈನ್ಸಸ್' ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ ಪತ್ರಿಕೆ. 1998ರಲ್ಲಿ ಆರಂಭವಾದ 'ಆಫ್ರಿಕನ್ ಜರ್ನಲ್ಸ್ ಆನ್‌ಲೈನ್' 2005ರಿಂದ ದಕ್ಷಿಣ ಆಫ್ರಿಕದಲ್ಲಿ ನೆಲೆನಿಂತು, ಲಾಭದ ಆಸೆಯಿಲ್ಲದೆ, ಆ ಖಂಡದ 500ಕ್ಕೂ ಹೆಚ್ಚು ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಒಂದೆಡೆ ತಂದಿದೆ. ಕೇಪ್ ಟೌನ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರ ತನ್ನ ಪ್ರಕಟಣೆಯ ವ್ಯವಸ್ಥೆಯನ್ನು ಇತರ ಆಫ್ರಿಕನ್ ವಿಶ್ವವಿದ್ಯಾನಿಲಯಗಳಿಗೂ ಹಂಚಿಕೊಡುತ್ತಿದೆ. ಇದು ಸಹಕಾರದ ದಾರಿ.

ಬಿಟ್ಟಿ ಓದು ಎಂದರೆ ಬಿಟ್ಟಿ ದುಡಿಮೆ ಎಂದಾಗಬಾರದು. ಪಾಠ ಮುಗಿಸಿ ರಾತ್ರಿ ಕುಳಿತು ತಿದ್ದುವ ಸಂಪಾದಕರ ಬೆನ್ನ ಮೇಲೆ ಇಡೀ ಪತ್ರಿಕೆ ಎಷ್ಟು ದಿನ ನಿಂತೀತು? ಯಂತ್ರಕ್ಕೆ, ವಿದ್ಯುತ್ತಿಗೆ, ನೌಕರರಿಗೆ ಹಣ ಬೇಕು. ಅದನ್ನು ಸರ್ಕಾರಗಳೂ ವಿಶ್ವವಿದ್ಯಾನಿಲಯಗಳೂ ವರ್ಷವರ್ಷ ತಪ್ಪದೆ ಕೊಡಬೇಕು. ಯೂರೋಪಿನ ಪತ್ರಿಕೆಯಲ್ಲಿ ಹೆಸರು ಬಂದರೆ ಮಾತ್ರ ಬಡ್ತಿ ಎಂಬ ಗುಲಾಮಬುದ್ಧಿಯನ್ನೂ ಬಿಡಬೇಕು. ತನ್ನ ಊರಿನ ರೋಗದ ಮಾತನ್ನು ತನ್ನ ಊರಿನ ಪತ್ರಿಕೆಯಲ್ಲಿ ಬರೆದವರಿಗೆ ಅವಮಾನವಾಗಬಾರದು.

ಇದು ದೂರದವರ ಜಗಳವೂ ಅಲ್ಲ. ವಿದೇಶಿ ಪತ್ರಿಕೆಗಳನ್ನು ನಮ್ಮ ಕಾಲೇಜುಗಳಿಗೆ ಒದಗಿಸಲೆಂದು ಭಾರತ ಸರ್ಕಾರ 2024ರಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. ಎಲ್ಸೆವಿಯರ್ ಸೇರಿ 30 ಪ್ರಕಾಶಕರಿಗೆ ಸಲ್ಲುವ ಹಣ ಅದು. ನೀವು ಕೊಳ್ಳುವ ಸೋಪು, ಬೆಂಕಿಪೊಟ್ಟಣದ ಮೇಲಿನ ತೆರಿಗೆಯೂ ಅದರಲ್ಲಿದೆ. ಬಾಡಿಗೆ ಕಟ್ಟುವುದು ನಿಂತ ದಿನ ಕೈಯಲ್ಲಿ ಉಳಿಯುವುದೇನು? ಆಫ್ರಿಕದವರು ಸ್ವಂತ ಮನೆ ಕಟ್ಟುತ್ತಿದ್ದಾರೆ. ನಮ್ಮ ವಿದ್ವಾಂಸರು ಆ ಪತ್ರಿಕೆಗಳನ್ನು ಓದಲಿ, ಅವುಗಳಿಗೆ ಬರೆಯಲಿ. ನಮ್ಮ ಸರ್ಕಾರವೂ ಬಾಡಿಗೆಯ ಹಣದಲ್ಲಿ ಒಂದು ಪಾಲನ್ನು ಅಂಥ ಮುಕ್ತ ಪತ್ರಿಕೆಗಳಿಗೆ, ಇಲ್ಲಿಯವಕ್ಕೂ ಅಲ್ಲಿಯವಕ್ಕೂ, ತೆಗೆದಿಡಲಿ ಎಂದು ಕೇಳೋಣ. ತೆರಿಗೆ ಕಟ್ಟುವ ನಮಗೆ ಕೇಳುವ ಹಕ್ಕಿದೆ.