ಮಟನ್ ಇರಲಿ, ಪುಂಡಿ ಪಲ್ಯ ಎಷ್ಟು?



ಇವತ್ತು ರಾಜಕೀಯಕ್ಕೆ ಸ್ವಲ್ಪ ರಜೆ ಕೊಡೋಣ. ಮಾನ್ವಿಯಿಂದ ಒಬ್ಬ ಯುವಕ ಪ್ರಶ್ನೆ ಕಳಿಸಿದ್ದಾರೆ. ಅಪ್ಪನಿಗೆ ಶುಗರ್. ತನಗೂ ಬರುತ್ತೆ ಅನ್ನೋ ಭಯ. ಹಾಗಾಗಿ ಮೂರು ತಿಂಗಳಿಂದ ಅನ್ನ, ರೊಟ್ಟಿ, ಬೇಳೆ ಎಲ್ಲಾ ಬಿಟ್ಟು 'ಪೂರ್ವಜರ ಆಹಾರ' ಶುರು ಮಾಡಿದ್ದಾರಂತೆ. ಅಂದರೆ ಮಟನ್, ಕೋಳಿ, ತತ್ತಿ. ತೂಕ ಆರು ಕೆಜಿ ಇಳಿದಿದೆ, ಸಂತೋಷ. ಹೊಟ್ಟೆ ಮಾತ್ರ ಮೂರು ದಿನಕ್ಕೊಮ್ಮೆ ಸಾಫ್ ಆಗ್ತಿದೆ. ಅವರ ಪ್ರಶ್ನೆ ಇಷ್ಟೇ: 'ಮೇಡಂ, ನಮ್ಮ ಪೂರ್ವಜರು ಬೇಟೆಯಾಡಿ ಖಂಡ ತಿಂದವರು. ಹಂಗಾದ್ರ ಕಾಯಿಪಲ್ಯ ಎಷ್ಟು ತಿನ್ನಬೇಕು? ತಿನ್ನಲೇಬೇಕಾ?'

ಪ್ರಶ್ನೆ ಕೇಳಿ ನಕ್ಕುಬಿಡೋದು ಸುಲಭ. ನಾನು ನಗಲಿಲ್ಲ. ನಾನೂ ರಾಯಚೂರು ಜಿಲ್ಲೆಯ ಮಗಳು. ಎಂಜಿನಿಯರಿಂಗ್ ಓದಿ ಈ ಸ್ಟುಡಿಯೋಗೆ ಬಂದವಳು, ಲೆಕ್ಕ ಹಾಕದೆ ಉತ್ತರ ಕೊಡೋ ಅಭ್ಯಾಸ ಇಲ್ಲ.

ಮೊದಲು ಈ 'ಪೂರ್ವಜರು' ಯಾರು ಅಂತ ನೋಡೋಣ. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಅನ್ನೋ ಇಬ್ಬರು ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಶಿಲಾಯುಗದ ಊಟದ ಬಗ್ಗೆ ಲೇಖನ ಬರೆದರು. ಇವತ್ತಿನ ಪೇಲಿಯೋ ಡಯಟ್‌ನ ಮೂಲ ಅಲ್ಲಿದೆ. ಅವರ ಅಂದಾಜು ಏನಿತ್ತು ಗೊತ್ತಾ? ನೂರರಲ್ಲಿ 35 ಪಾಲು ಮಾಂಸ, 65 ಪಾಲು ಗೆಡ್ಡೆ, ಸೊಪ್ಪು, ಹಣ್ಣು, ಕಾಯಿ. ಆಮೇಲೆ ಲೊರೆನ್ ಕಾರ್ಡೇನ್ ಅನ್ನೋ ಪ್ರೊಫೆಸರ್ 2000ದಲ್ಲಿ 229 ಬೇಟೆಗಾರ ಸಮುದಾಯಗಳ ದಾಖಲೆ ನೋಡಿ, 'ಇಲ್ಲ, ಬಹಳ ಕಡೆ ಮಾಂಸ–ಮೀನಿನದೇ ದೊಡ್ಡ ಪಾಲು' ಅಂದರು. ಪೇಲಿಯೋ ಡಯಟ್ ಹೆಸರಿನ ಪುಸ್ತಕ ಬರೆದವರೂ ಇವರೇ. ಆ ಪುಸ್ತಕದಲ್ಲೂ ತರಕಾರಿ ಬಿಡಿ ಅಂತ ಹೇಳಿಲ್ಲ, ಚೆನ್ನಾಗಿ ತಿನ್ನಿ ಅಂತಲೇ ಇದೆ. ಧಾನ್ಯ, ಬೇಳೆ ಬೇಡ ಅಂದಿದ್ದನ್ನ ನಮ್ಮ ಹುಡುಗರು ಹಿಡ್ಕೊಂಡರು, ಸೊಪ್ಪು ತಿನ್ನಿ ಅಂದಿದ್ದನ್ನ ಬಿಟ್ಟರು.

'ಎಸ್ಕಿಮೋಗಳು ಬರೀ ಮಾಂಸ ತಿಂದು ಬದುಕಿಲ್ವಾ ಮೇಡಂ?' ಬದುಕಿದ್ದಾರೆ. ಸ್ಟೆಫಾನ್ಸನ್ ಅನ್ನೋ ಅನ್ವೇಷಕ ಅವರ ಜೊತೆ ವರ್ಷಗಟ್ಟಲೆ ಇದ್ದು ಬಂದು, 1928ರಲ್ಲಿ ನ್ಯೂಯಾರ್ಕ್‌ನ ವೈದ್ಯರ ಕಣ್ಗಾವಲಿನಲ್ಲಿ ಇನ್ನೊಬ್ಬರ ಜೊತೆ ಒಂದು ವರ್ಷ ಮಾಂಸವನ್ನೇ ತಿಂದ. ಸಾಯಲಿಲ್ಲ. ಆದರೆ ಆ ಮಂಜಿನ ನಾಡಿನ ಜನ ತಿಮಿಂಗಿಲದ ತೊಗಲನ್ನ, ಸೀಲ್‌ನ ಲಿವರನ್ನ ಹಸಿಯಾಗಿ ತಿಂತಾರೆ, ಅದರಿಂದ ವಿಟಮಿನ್ ಸಿ ಸಿಗುತ್ತೆ. ಮಾನ್ವಿಯಲ್ಲಿ ನಾವು ಮಟನ್‌ಗೆ ಕುಕ್ಕರ್‌ನಲ್ಲಿ ಐದು ಸೀಟಿ ಹೊಡೆಸ್ತೀವಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟೋ ಊರಿಗೆ ಧ್ರುವ ಪ್ರದೇಶದ ಊಟ ತಂದು ಕೂರಿಸೋದು ಯಾಕೆ?

ನಮ್ಮ ಪೂರ್ವಜರು ಬೇಕು ಅಂದರೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯಲ್ಲಿ ಮುದಗಲ್ ಹತ್ತಿರ ಪಿಕ್ಕಲಿಹಾಳ ಇದೆ, ಮಸ್ಕಿ ಇದೆ. ಪಕ್ಕದ ಸುರಪುರ ತಾಲೂಕಿನಲ್ಲಿ ಬೂದಿಹಾಳ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕಿಕೊಂಡು ಬದುಕಿದ ಜನರ ನೆಲೆಗಳು ಇವು. ಸಗಣಿ ಸುಟ್ಟು ಸುಟ್ಟು ಗುಡ್ಡದಂತೆ ಎದ್ದ ಬೂದಿ ದಿಬ್ಬಗಳು ಈ ಸೀಮೆಯಲ್ಲಿ ಇವತ್ತಿಗೂ ಇವೆ. ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅಗೆದಾಗ, ಪ್ರಾಣಿಗಳನ್ನ ಕಡಿದು ಪಾಲು ಮಾಡುತ್ತಿದ್ದ ಜಾಗವೇ ಸಿಕ್ಕಿತು. ನೋಡಿ ತಮ್ಮಾ, ಇಲ್ಲಿವರೆಗೆ ನಿಮ್ಮ ಮಾತು ಸರಿ. ಅವರು ಮಾಂಸ ತಿಂದವರು. ಈ ನೆಲದಲ್ಲಿ ಮಾಂಸಾಹಾರ ಹೊರಗಿನಿಂದ ಬಂದದ್ದು ಅಂತ ಯಾರಾದರೂ ಹೇಳಿದರೆ, ಬೂದಿಹಾಳ ತೋರಿಸಿ.

ಆದರೆ ತುಂಗಭದ್ರೆ ದಾಟಿ ಆಚೆ ದಡಕ್ಕೆ ಹೋಗಿ. ತೆಕ್ಕಲಕೋಟೆ, ಇನ್ನೂ ಮುಂದೆ ಬಳ್ಳಾರಿ ಹತ್ತಿರ ಸಂಗನಕಲ್ಲು. ಅದೇ ಕಾಲದ, ಅದೇ ಬಗೆಯ ಜನ. ಅಲ್ಲಿನ ಮಣ್ಣನ್ನ ನೀರಲ್ಲಿ ತೇಲಿಸಿ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಸುಟ್ಟ ಕಾಳು ಹುಡುಕಿದರು. ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಸಿರಿಧಾನ್ಯ. ದನ ಸಾಕಿದ ಕೈಗಳೇ ಹುರುಳಿಯನ್ನೂ ಬೇಯಿಸಿವೆ.

ಹಾಗಾದರೆ ಸೊಪ್ಪು? ಇಲ್ಲಿ ಒಂದು ತಾಂತ್ರಿಕ ಮಾತಿದೆ. ಮೂಳೆ ನಾಲ್ಕು ಸಾವಿರ ವರ್ಷ ಉಳಿಯುತ್ತೆ. ಸುಟ್ಟ ಕಾಳು ಉಳಿಯುತ್ತೆ. ತಪ್ಪಲು ಉಳಿಯಲ್ಲ. ಸಂಜೆ ತಿಂದ ಹಸಿ ಪಲ್ಯ ಯಾವ ಅಗೆತದಲ್ಲೂ ಸುಲಭಕ್ಕೆ ಸಿಗೋದಿಲ್ಲ. ಸಿಗದೇ ಇರೋದು ಇರಲೇ ಇಲ್ಲ ಅಂತ ತಿಳ್ಕೊಂಡರೆ, ಎಲ್ಲಾ ಪೂರ್ವಜರೂ ಬರೀ ಖಂಡ ತಿಂದವರ ಥರಾನೇ ಕಾಣ್ತಾರೆ. ಸೆನ್ಸರ್ ಹಾಕಿರೋ ಕಡೆ ಮಾತ್ರ ರೀಡಿಂಗ್ ಬರುತ್ತೆ, ಅಷ್ಟೇ.

ಈಗ ಲೆಕ್ಕಕ್ಕೆ ಬರ್ತೀನಿ, ಪೆನ್ನು ತಗೊಳ್ಳಿ. ಹೈದರಾಬಾದ್‌ನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, ಎನ್‌ಐಎನ್ ಅಂತೀವಿ. 2024ರ ಅವರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ತಿನ್ನೋರಿಗೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು. ಇದು ಬೇಯಿಸೋಕೆ ಮುಂಚಿನ ತೂಕ. ಇನ್ನು ನಾರಿನಂಶ ದಿನಕ್ಕೆ ಸುಮಾರು 30 ಗ್ರಾಂ ಬೇಕು. ಮಟನ್‌ನಲ್ಲಿ ನಾರು ಸೊನ್ನೆ. ತತ್ತಿಯಲ್ಲಿ ಸೊನ್ನೆ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ನೂರು ಗ್ರಾಂ ಜೋಳದಲ್ಲಿ ಹತ್ತು. ಪಲ್ಯ, ಬದನೆ, ಬೆಂಡೆ, ಚೌಳಿಕಾಯಿ ಎಲ್ಲಾ ಸೇರಿಸಿ ಸರಾಸರಿ ನೂರಕ್ಕೆ ನಾಲ್ಕು ಹಿಡಿಯೋಣ.

ಈ ಯುವಕ ಅನ್ನ ಬಿಟ್ಟಿದ್ದಾರೆ, ನಾರಿನ ಲೆಕ್ಕದಲ್ಲಿ ದೊಡ್ಡ ನಷ್ಟ ಇಲ್ಲ. ಜೋಳದ ರೊಟ್ಟಿ, ಬೇಳೆ, ಕಾಳು ಬಿಟ್ಟಿದ್ದಾರಲ್ಲ, ನಷ್ಟ ಅಲ್ಲಿದೆ. ಈಗ 30 ಗ್ರಾಂ ಪೂರ್ತಿ ತರಕಾರಿಯಿಂದಲೇ ಬರಬೇಕು. 30ನ್ನ 4ರಿಂದ ಭಾಗಿಸಿ: ಏಳೂವರೆ ನೂರು. ಅಂದರೆ ದಿನಕ್ಕೆ 750 ಗ್ರಾಂ. ಮುಕ್ಕಾಲು ಕೆಜಿ! 'ತಿನ್ನಲೇಬೇಕಾ' ಅಂತ ಕೇಳಿದ್ರಲ್ಲ, ಮಾಂಸ ಮುಖ್ಯ ಮಾಡಿಕೊಂಡವರೇ ಎಲ್ಲರಿಗಿಂತ ಜಾಸ್ತಿ ತಿನ್ನಬೇಕು. ಮೂರು ದಿನಕ್ಕೊಮ್ಮೆಯ ತೊಂದರೆಗೆ ಬಹುಶಃ ಇದೇ ಕಾರಣ.

ಇನ್ನೊಂದು ಲೆಕ್ಕ. ದಿನಕ್ಕೆ ನೂರು ಗ್ರಾಂ ಹಿಟ್ಟಿನ ಜೋಳದ ರೊಟ್ಟಿ: ಹತ್ತು ಗ್ರಾಂ ನಾರು. ಒಂದು ಹಿಡಿ ಹುರುಳಿ ಅಥವಾ ಬೇಳೆ: ನಾಲ್ಕು. 400 ಗ್ರಾಂ ಕಾಯಿಪಲ್ಯ: ಹದಿನಾರು. ಕೂಡಿಸಿ, ಸರಿಯಾಗಿ 30. ಇದಕ್ಕೆ ಯಾವ ಡಯಟ್ ಹೆಸರೂ ಬೇಡ. ಪುಂಡಿ ಪಲ್ಯ, ರೊಟ್ಟಿ, ಪಕ್ಕದಲ್ಲಿ ಹಸಿ ಹಕ್ಕರಕಿ, ಉಳ್ಳಾಗಡ್ಡಿ, ಸೌತೆಕಾಯಿ. ನಮ್ಮ ಅಜ್ಜಿಯರ ತಟ್ಟೆ ಅದು. ಮಾಂಸ ಆ ತಟ್ಟೆಗೆ ಬರುತ್ತಿದ್ದದ್ದು ಜಾತ್ರೆಯ ಬ್ಯಾಟಿಗೆ, ದರ್ಗಾದ ಕಂದೂರಿಗೆ, ಬೀಗರು ಬಂದಾಗ. ಕಂದೂರಿ ದಿನ ಯಾರೂ ಗ್ರಾಂ ಲೆಕ್ಕ ಇಡಬೇಡಿ, ದೇವರಾಣೆ ನಾನೂ ಇಡಲ್ಲ.

ಆದರೆ ಆ ತಟ್ಟೆ ಈಗ ಎಲ್ಲಿದೆ? ಹಕ್ಕರಕಿಯನ್ನ ಯಾರೂ ಬಿತ್ತಿದ್ದಲ್ಲ. ಹಿಂಗಾರಿ ಜೋಳದ ಎರೆಹೊಲದಲ್ಲಿ ತಾನಾಗೇ ಎದ್ದದ್ದು. ಕಳೆ ತೆಗೆಯೋಕೆ ಹೋದ ಹೆಣ್ಣುಮಕ್ಕಳು ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ತುಂಗಭದ್ರಾ ಎಡದಂಡೆ ಕಾಲುವೆ ಬಂತು, ಭತ್ತ ಬಂತು, ದುಡ್ಡೂ ಬಂತು. ಬೇಡ ಅನ್ನೋಕೆ ನಾನ್ಯಾರು? ಕಾಲುವೆ ಕೊನೆಭಾಗದ ಮಾನ್ವಿ, ಸಿರವಾರದ ರೈತರು ಇವತ್ತಿಗೂ ಅದೇ ನೀರಿಗೆ ಬೀದಿಗೆ ಇಳೀತಾರೆ. ಆದರೆ ನೀರು ನಿಂತ ಗದ್ದೆಯಲ್ಲಿ ಹಕ್ಕರಕಿ ಏಳಲ್ಲ, ಕಳೆನಾಶಕ ಹೊಡೆದ ಬದುವಿನ ಪಲ್ಯ ತಿನ್ನೋಕೆ ಬರಲ್ಲ. ಪುಕ್ಕಟೆ ಸಿಗುತ್ತಿದ್ದ ಅರ್ಧ ತಟ್ಟೆಯನ್ನ ಈಗ ಸಂತೆಯಲ್ಲಿ ರೊಕ್ಕ ಕೊಟ್ಟು ತರಬೇಕು. ಕೂಲಿ ಮನೆಯಲ್ಲಿ ಮೊದಲು ಕಡಿತ ಆಗೋದೇ ಅದು. ತಟ್ಟೆ ತುಂಬಾ ಅನ್ನ, ಮೇಲೆ ತಿಳಿಸಾರು. ಶುಗರ್‌ಗೆ ಹೆದರಬೇಕಾದ್ದು ಈ ತಟ್ಟೆಗೆ ತಮ್ಮಾ, ನಿಮ್ಮಜ್ಜಿಯ ರೊಟ್ಟಿಗಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. ಮಟನ್ ದರ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಒಬ್ಬ ಗಂಡುಮಗ ದಿನಾ ಮಟನ್ ತಿಂದರೆ, ಅದೇ ಮನೆಯ ಅವ್ವ, ಹೆಂಡತಿ, ತಂಗಿ ಏನು ತಿಂತಾರೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಮಾಂಸದ ಕಬ್ಬಿಣಾಂಶ ಮೈಗೆ ಬೇಗ ಹತ್ತುತ್ತೆ, ನಿಜ. ಹಾಗಾದರೆ ಆ ಮನೆಯಲ್ಲಿ ಎರಡು ತುಂಡು ಮೊದಲು ಯಾರ ತಟ್ಟೆಗೆ ಬೀಳಬೇಕು? ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶವೂ ಹೆಚ್ಚು ಸಿಗುತ್ತೆ, ಅದನ್ನೂ ಅವರಿಗೆ ಹೇಳಿ.

ಕೊನೆಗೆ ಎಚ್ಚರಿಕೆ, ಇದನ್ನ ಹಗುರವಾಗಿ ತಗೋಬೇಡಿ. ನಿಮ್ಮ ಅಪ್ಪ ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ತಿದ್ದರೆ, ನಿಮ್ಮನ್ನ ನೋಡಿ ಅವರೂ ಒಮ್ಮೆಲೇ ಅನ್ನ–ರೊಟ್ಟಿ ಬಿಡೋದು ಬೇಡ. ಶುಗರ್ ಏಕಾಏಕಿ ಇಳಿದು ತಲೆಸುತ್ತಿ ಬೀಳಬಹುದು. ಮಾತ್ರೆಯ ಪ್ರಮಾಣ ಡಾಕ್ಟರೇ ಬದಲಿಸಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಮಾಂಸಕ್ಕೂ ಮಿತಿ ಇದೆ, ಸೊಪ್ಪಿಗೂ ಮಿತಿ ಇದೆ. ಕಿಡ್ನಿ ಕಲ್ಲು ಇದ್ದವರು ಕೆಲವು ಸೊಪ್ಪುಗಳ ಬಗ್ಗೆ ಕೇಳಿಕೊಂಡೇ ತಿನ್ನಿ. ನನ್ನ ಲೆಕ್ಕ ಆರೋಗ್ಯವಾಗಿರೋರಿಗೆ.

ಆಮೇಲೆ ತಮ್ಮಾ, ಮುಕ್ಕಾಲು ಕೆಜಿ ಪಲ್ಯ ದಿನಾ ಸೋಸಿ, ತೊಳೆದು, ಹೆಚ್ಚಬೇಕು. ಒಂದು ತಾಸಿನ ಕೆಲಸ. ಅದನ್ನ ಅವ್ವನ ತಲೆಗೆ ಹಾಕಬೇಡಿ, ನೀವೇ ಕೂತು ಸೋಸಿ. ನಾಲ್ಕು ದಿನ ಸೋಸಿದ ಮೇಲೆ ಎರಡು ರೊಟ್ಟಿ ವಾಪಸ್ ಬೇಕು ಅನ್ನಿಸಿದರೆ ನನಗೆ ತಿಳಿಸಿ.